ಎರಡನೇ ಕೂಗು

ಬೆಳಿಗ್ಗೆ ಎಂಟು ಹತ್ತಕ್ಕೆ ಸೈರನ್ ಕೂಗಿತು. ಇಡೀ ಊರು ನಿಂತಲ್ಲೇ ಕಂಬವಾಯಿತು. ಹೊರಗಿನಿಂದ ಬಂದಿದ್ದ ಪತ್ರಿಕೆಯ ಫೋಟೋಗ್ರಾಫರನ ಮುಂದೆ ಒಂದು ಹಾಲಿನ ಲಾರಿಯೂ ಕಂಬವಾಯಿತು. ಡ್ರೈವರ್ ಇಳಿದು, ಕೈಕಟ್ಟಿ, ತಲೆ ತಗ್ಗಿಸಿ ನಿಂತುಬಿಟ್ಟ. ಲಾರಿಯ ಆಚೆಗೆ, ಬಾಯಿತುಂಬ ಗುಂಡುಸೂಜಿ ಕಚ್ಚಿಕೊಂಡು, ಅರ್ಧ ಹೊಲಿದ ಅಂಗಿಯನ್ನು ಎದೆಗೊತ್ತಿಕೊಂಡು ನಿಂತಿದ್ದ ದರ್ಜಿ ಹೆಂಗಸಿನದು ಮುಖಪುಟಕ್ಕೆಂದೇ ಹುಟ್ಟಿದ ಮುಖ. ನಿಮಿಷ ಮುಗಿಯಿತು, ಲಾರಿ ಹೊರಟಿತು. ಫೋಟೋ ತೆಗೆಯಲು ಬಂದವನ ಮಾನ ತೆಗೆದುಕೊಂಡೇ ಹೋಯಿತು.

“ಸಿಕ್ತಾ ಅಣ್ಣಾ?” ದರ್ಜಿ ಒಂದೊಂದೇ ಸೂಜಿ ಬಾಯಿಂದ ತೆಗೆಯುತ್ತ ಕೇಳಿದಳು.

“ಸಿಕ್ತಕ್ಕಾ. ಹಾಲಿನ ಲಾರಿ. ಎಡಗಡೆಯಿಂದ ಒಂದು, ಬಲಗಡೆಯಿಂದ ಒಂದು.”

ಅವಳು ನಕ್ಕಳು. ಇಪ್ಪತ್ತೆರಡು ವರ್ಷಗಳ ಹಿಂದೆ ಇದೇ ದಿನ, ಇದೇ ಹೊತ್ತಿಗೆ ಕಾರ್ಖಾನೆಯ ವಿಷಾನಿಲದ ಟ್ಯಾಂಕು ಸೋರಿ ಮುನ್ನೂರು ಚಿಲ್ಲರೆ ಜನ ಉಸಿರುಗಟ್ಟಿ ಸತ್ತ ಊರು ಅದು. ಅಂಥ ಊರಿನಲ್ಲೂ ಬೆಳಗಿನಿಂದ ಅವನು ಯಾರೋ ಮಂತ್ರಿಯ ಮೂಗುಮಾತನ್ನು ಅಣಕಿಸಿ ನಾಲ್ಕು ಜನರನ್ನು ನಗಿಸಿದ್ದ. ಪ್ರತಿ ಅಂಗಡಿಯ ಹೊಸ್ತಿಲಲ್ಲೂ ಇದ್ದ ಬಕೆಟ್ ನೀರು, ಅದರ ಅಂಚಿಗೆ ಮಡಿಸಿಟ್ಟ ಬಟ್ಟೆ ನೋಡಿ, “ಊರೆಲ್ಲ ಒಂದೇ ದಿನ ನೆಲ ಒರೆಸ್ತೀರಾ?” ಎಂದೂ ಕೇಳಿದ್ದ.

“ಸೈರನ್ ಒತ್ತೋದು ನಮ್ಮಪ್ಪನೇ. ಮುಂದಿನ ವರ್ಷ ಮೇಲಿಂದ ತೆಗೀರಿ, ಲಾರಿ ಅಡ್ಡ ಬರಲ್ಲ,” ಎಂದು ದರ್ಜಿ ಕತ್ತರಿಯ ತುದಿಯಿಂದ ನೀರಿನ ಟ್ಯಾಂಕಿನ ಗೋಪುರ ತೋರಿಸಿದಳು. ‘ಮುಂದಿನ ವರ್ಷ’ ಎಂಬುದು ಅವನ ಕಿವಿಗೆ ಬೀಳಲೇ ಇಲ್ಲ. ಆಗಲೇ ಎರಡೆರಡು ಮೆಟ್ಟಿಲು ಹಾರುತ್ತಿದ್ದ.

ಊರವರು ಕೂಗಜ್ಜ ಎಂದು ಕರೆಯುವ ಮುದುಕ ಸೈರನ್ ಕೋಣೆಯ ಕಿಟಕಿ ಮುಚ್ಚಲು ಹೊರಟಿದ್ದ.

“ಅಜ್ಜಾ, ಇನ್ನೊಂದೇ ಒಂದು ಸಲ. ಐದು ಸೆಕೆಂಡು ಸಾಕು.”

“ಆಗಲ್ಲಪ್ಪ. ಎರಡನೇದು ಒತ್ತೋ ಹಾಗಿಲ್ಲ.”

“ಅಯ್ಯೋ, ಮಂತ್ರಿಗಳೇ ನನಗೋಸ್ಕರ ಒಂದೇ ರಿಬ್ಬನ್ನು ಮೂರು ಸಲ ಕತ್ತರಿಸಿದಾರೆ!” ಅವನು ಮೂಗು ಹಿಡಿದು ಮಂತ್ರಿಯಾದ. “ಈ ಕಡೆ ನಗ್ಲೇನಯ್ಯಾ, ಆ ಕಡೆ ನಗ್ಲೇನಯ್ಯಾ?”

ಅಜ್ಜನಿಗೂ ನಗು ತಡೆಯಲಾಗಲಿಲ್ಲ. ನಗುನಗುತ್ತಲೇ ಮೊಳೆಗೆ ನೇತುಹಾಕಿದ್ದ ಬೀಗ ತೆಗೆದುಕೊಳ್ಳಲು ಗೋಡೆಯ ಕಡೆ ತಿರುಗಿದ. ಮೊದಲು ಗುಂಡಿ ಒತ್ತಿ ಆಮೇಲೆ ಕ್ಷಮೆ ಕೇಳುವುದು ಫೋಟೋಗ್ರಾಫರನ ಕಸುಬಿನ ಅಭ್ಯಾಸ. ಬಲಗೈಯಲ್ಲಿ ಕ್ಯಾಮೆರಾ ಕಣ್ಣಿಗೇರಿಸಿ, ಕಿಟಕಿಯತ್ತ ಬಾಗಿ, ಎಡಗೈಯಿಂದ ಸೈರನ್ನಿನ ಗುಂಡಿ ಒತ್ತಿಬಿಟ್ಟ.

ಕೆಳಗೆ ಯಾರೂ ಕಂಬವಾಗಲಿಲ್ಲ. ಯಾರೂ ಕಿರುಚಲೂ ಇಲ್ಲ. ಬೀದಿಯುದ್ದಕ್ಕೂ ಬಟ್ಟೆಗಳು ಬಕೆಟ್ಟಿನಲ್ಲಿ ಮುಳುಗಿ ಎದ್ದವು, ಮೂಗು ಬಾಯಿಗಳ ಮೇಲೆ ಬಿಗಿದುಕೊಂಡವು. ನೂರಾರು ಮುಖಗಳು ಒಂದೇ ಸಲ ಮೇಲಕ್ಕೆ ತಿರುಗಿ, ಗೋಪುರದ ತುದಿಯ ಬಾವುಟ ಗಾಳಿಗೆ ಯಾವ ಕಡೆ ಹಾರುತ್ತಿದೆಯೆಂದು ನೋಡಿದವು. ಆಮೇಲೆ ಓಟ. ಹಾಲಿನ ಲಾರಿ ಹಿಂದಕ್ಕೆ ಬಂತು. ಡ್ರೈವರ್ ಕ್ಯಾನುಗಳನ್ನು ರಸ್ತೆಗೆ ಎಸೆದ, ಆ ಜಾಗಕ್ಕೆ ಮುದುಕಿಯರನ್ನು ಎತ್ತಿ ಎತ್ತಿ ಹಾಕಿದ. ಬೀದಿಯ ತುಂಬ ಹಾಲು ಹರಿಯಿತು. ಒಂದು ಬಾಯಿಂದಲೂ ಸದ್ದಿಲ್ಲ. ಬೇಕಾಗಿದ್ದ ಚಿತ್ರ ಕಣ್ಣ ಮುಂದೆಯೇ ಇತ್ತು, ಬೆರಳು ಮಾತ್ರ ಮರಗಟ್ಟಿತ್ತು.

“ಏನು ಮಾಡಿದೆಯೋ!” ಅಜ್ಜನ ಕೈಯಿಂದ ಬೀಗ ಬಿತ್ತು. “ಆವತ್ತು ಒಂದು ಸಲ ಒತ್ತಿದ್ದೆ. ಸುಮ್ಮನೆ ಗಾಬರಿ ಹುಟ್ಟಿಸಬೇಡ ಅಂತ ಕಾರ್ಖಾನೆಯಿಂದ ಫೋನ್ ಬಂತು, ಎರಡನೇದು ಒತ್ತಲಿಲ್ಲ. ಹೊರಗೆ ಬಂದಿದ್ದೋರೆಲ್ಲ ಒಳಗೆ ಹೋಗಿ ಸತ್ತರು. ಅದಕ್ಕೇ ಮೊದಲನೇದು ಸತ್ತೋರಿಗೆ, ಎರಡನೇದು ಬದುಕಿರೋರಿಗೆ. ಕಾರ್ಖಾನೆ ಮುಚ್ಚಿದೆ, ಟ್ಯಾಂಕುಗಳು ಅಲ್ಲೇ ಇದಾವಲ್ಲ!”

“ಸುಳ್ಳು ಅಂತ ಹೇಳೋಕೆ... ಬೇರೆ ಕೂಗು ಇರಬೇಕಲ್ಲ ಅಜ್ಜಾ?”

“ಇಲ್ಲ. ಸುಳ್ಳು ಅಂತ ಒಂದು ಸಲ ಹೇಳಿದ್ದೇ ಸಾಕು ಅಂತ ಇಟ್ಟಿಲ್ಲ.”

ಮೆಟ್ಟಿಲ ಮೇಲೆ ದಡದಡ ಸದ್ದು. ಊರೆಲ್ಲ ಗೋಪುರದಿಂದ ದೂರ ಓಡುತ್ತಿದ್ದರೆ ದರ್ಜಿ ಒಬ್ಬಳೇ ಗೋಪುರ ಹತ್ತಿ ಬಂದಿದ್ದಳು. ಒಂದು ಒದ್ದೆ ಬಟ್ಟೆ ಮುಖದ ಮೇಲೆ, ಇನ್ನೊಂದು ಕೈಯಲ್ಲಿ. ಕೈಯಲ್ಲಿದ್ದುದನ್ನು ಅಪ್ಪನ ಬಾಯಿಯ ಮೇಲೆ ಬಿಗಿದಳು. ಅಪ್ಪ ಏನೋ ಹೇಳಿದ, ಅದು ಬಟ್ಟೆಯೊಳಗೇ ಉಳಿಯಿತು. ಫೋಟೋಗ್ರಾಫರನನ್ನು ನೋಡಿ ಒಂದು ಕ್ಷಣ ತಡೆದಳು. “ನೀವು ಹೊಸಬರು, ನಿಮಗೆ ಗೊತ್ತಾಗಲ್ಲ,” ಎಂದವಳೇ ತನ್ನ ಮುಖದ ಬಟ್ಟೆ ಬಿಚ್ಚಿ, ಅವನ ಮೂಗು ಬಾಯಿ ಮುಚ್ಚಿ, ಹಿಂದೆ ಗಂಟು ಹಾಕಿದಳು. ಆಮೇಲೆ ಕೆನ್ನೆ ತುಂಬ ಉಸಿರೆಳೆದು, ತುಟಿ ಬಿಗಿದು, ಇಬ್ಬರ ತೋಳೂ ಹಿಡಿದು ಬಾಗಿಲಿನತ್ತ ಎಳೆದಳು.

ಅವಳ ಕತ್ತಿನ ನರ ಉಬ್ಬಿತು. ಕಣ್ಣು ಕೆಂಪಾಯಿತು. ಅವನು ಬಟ್ಟೆಯನ್ನು ಗದ್ದಕ್ಕೆಳೆದುಕೊಂಡ.

“ಉಸಿರಾಡಿ ಅಕ್ಕಾ. ಏನೂ ಆಗಿಲ್ಲ. ನಾನೇ ಒತ್ತಿದ್ದು. ಫೋಟೋಗೆ.”

ಅವಳು ಉಸಿರು ಬಿಡಲಿಲ್ಲ. ಅಪ್ಪನ ಮುಖ ನೋಡಿದಳು. ಅಪ್ಪ ಹೌದೆಂದು ತಲೆಯಾಡಿಸಿದ ಮೇಲೇ ಉಸಿರು ಹೊರಬಿತ್ತು. ಅವಳ ಕೈ ಮೇಲೆದ್ದಿತು. ಕೆನ್ನೆಗೆ ಬೀಳುತ್ತದೆಂದು ಅವನು ಕಣ್ಣು ಮುಚ್ಚಿದ. ಅವಳು ಬರೀ ಅವನ ಗದ್ದದಿಂದ ಆ ಒದ್ದೆ ಬಟ್ಟೆ ಬಿಚ್ಚಿಕೊಂಡು ಕಿಟಕಿಗೆ ಹೋದಳು.

ಕೆಳಗೆ ಖಾಲಿ ಬೀದಿ, ಉರುಳಿದ ಬಕೆಟ್ಟುಗಳು, ಹಾಲು.

“ಇನ್ನೊಂದು ಸಲ ನಿಜವಾಗ್ಲೂ ಕೂಗಿದರೆ,” ಎಂದಳು ಅವಳು, “ಓಡ್ತಾರಾ ಅಪ್ಪಾ?”