ಗುಬ್ಬಿಯ ಪಾತ್ರ

"ಬೆನ್ನು ಅಷ್ಟು ನೆಟ್ಟಗೆ ಇಟ್ಕೋಬೇಡ," ಎಂದು ಹೆಂಗಸು ಹುಡುಗಿಯ ಕಿವಿಯಲ್ಲಿ ಉಸುರಿದಳು. "ಗುಬ್ಬಿ ಹಾಗೆ ಕೂರಲ್ಲ."

ಹುಡುಗಿ ಭುಜ ಇಳಿಬಿಟ್ಟಳು. ಮರುಗಳಿಗೆ ಮತ್ತೆ ನೆಟ್ಟಗಾದಳು.

ಉದ್ದನೆಯ ಕೋಣೆ. ಗೋಡೆಗುಂಟ ಬೆಂಚುಗಳು, ಬೆಂಚುಗಳ ತುಂಬ ಹುಡುಗಿಯರು, ಅವರವರ ತಾಯಂದಿರು. ಎದುರು ಗೋಡೆಯ ಮೇಲೆ ವಾರಪತ್ರಿಕೆಯ ಆ ಹಳೆಯ ಚಿತ್ರಕಥೆಯ ದೊಡ್ಡ ಪಟ: ಕಾರಿನ ಕಿಟಕಿಯಿಂದ ಕೈಬೀಸುವ ಮಹಾರಾಣಿ, ಹೊಲಿಗೆ ಬಿಟ್ಟ ಚೀಲ ಹಿಡಿದು ಪಕ್ಕದಲ್ಲಿ ಓಡುವ ಗುಬ್ಬಿ. ಹೆಂಗಸು ಎರಡು ಜಡೆ ಹಾಕಿಕೊಳ್ಳುತ್ತಿದ್ದ ಕಾಲದಿಂದಲೂ ಈ ಗೆಳತಿಯರಿಬ್ಬರೂ ಹತ್ತನೇ ತರಗತಿಯಲ್ಲೇ ಇದ್ದರು. ಈ ನಡುವೆ ಮಹಾರಾಣಿಯ ಬಂಗಲೆಗೆ ಇನ್ನೊಂದು ಮಹಡಿ ಎದ್ದಿತ್ತು. ಗುಬ್ಬಿಯ ಮನೆಯ ಮಾಡು ಮಾತ್ರ ಈಗಲೂ ಸೋರುತ್ತಿತ್ತು.

ಅದೀಗ ಸಿನಿಮಾ ಆಗುತ್ತಿತ್ತು. ಬಂದವರಿಗೆಲ್ಲ ಗುಬ್ಬಿಯೇ ಆಗಬೇಕು. ಮಹಾರಾಣಿ ಆಗುತ್ತೇನೆಂದು ಒಬ್ಬಳೂ ಬಂದಿರಲಿಲ್ಲ.

ಹೆಂಗಸಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹುಡುಗಿಯ ಕಾಲರ್ ಮತ್ತೊಮ್ಮೆ ಸರಿಮಾಡಿದಳು. ಸವೆದ ಕಾಲರನ್ನು ಬಿಚ್ಚಿ, ಮಗುಚಿ, ಅವಳೇ ಹೊಲಿದುಕೊಟ್ಟಿದ್ದಳು. ಅಂಗಾಲು ಮೆತ್ತಗಿದೆಯೆಂದು ತಾರಸಿಯ ಮೇಲೆ ಬರಿಗಾಲಲ್ಲಿ ನಡೆಸಿದ್ದಳು. ನೆಲ ಒರೆಸುವಾಗ ಬಟ್ಟೆ ಹಿಂಡುವುದು ಹೇಗೆಂದು ಕೈಹಿಡಿದು ತೋರಿಸಿದ್ದಳು. ಕೂಸಾಗಿದ್ದಾಗಿನಿಂದ ಎತ್ತಿ ಆಡಿಸಿದ ಹುಡುಗಿ. ಜ್ವರ ಬಂದರೆ ರಾತ್ರಿಯೆಲ್ಲ ಪಕ್ಕದಲ್ಲೇ ಕೂತು ಸಾಕಿದ್ದಳು. ಇವತ್ತು ಇವಳು ಆಯ್ಕೆಯಾಗದಿದ್ದರೆ ಮನೆಯಲ್ಲಿ ಏನು ಕಾದಿದೆಯೆಂಬುದೂ ಅವಳಿಗೆ ಗೊತ್ತಿತ್ತು.

ಬಾಗಿಲು ತೆರೆಯಿತು. ಇನ್ನೊಬ್ಬಳು ಬಂದಳು. ಜೊತೆಗೆ ಯಾರೂ ಇಲ್ಲ. ಇವಳದೇ ವಯಸ್ಸು, ಅಂಥದೇ ಮಗುಚಿ ಹೊಲಿದ ಕಾಲರ್.

ಹೆಂಗಸು ಬೆಂಚಿನಲ್ಲಿ ಹುಡುಗಿಯಿಂದ ಒಂದಿಷ್ಟು ಸರಿದು ಕೂತಳು.

ಬಂದವಳು ಕೋಣೆಯ ತುಂಬ ಕಣ್ಣಾಡಿಸಿದಳು. ನೋಟ ಈ ಬೆಂಚಿಗೆ ಬಂದು ನಿಂತಿತು. ಅವಳು ಹೋಗಿ ದೂರದ ಮೂಲೆಯಲ್ಲಿ ಕೂತಳು.

"ಅವಳು ನಿನ್ನನ್ನೇ ನೋಡ್ತಿದಾಳೆ," ಎಂದಳು ಹುಡುಗಿ. "ಗೊತ್ತಾ ನಿನಗೆ?"

"ಗೊತ್ತು. ಬಲು ಹಠದ ಹುಡುಗಿ."

"ನನಗಿಂತ ಚೆನ್ನಾಗಿ ಮಾಡ್ತಾಳಾ?"

"ನಿನ್ನಷ್ಟು ಯಾರು ಹೇಳಿಕೊಟ್ಟಿದಾರೆ ಅವಳಿಗೆ?" ಹೆಂಗಸು ಮುಖ ತಿರುಗಿಸಿಕೊಂಡಳು. "ಆ ಕಡೆ ನೋಡ್ಬೇಡ ನೀನು."

ಪರೀಕ್ಷೆ ನಡೆಯುತ್ತಿದ್ದದ್ದು ಕೋಣೆಯ ನಡುವೆಯೇ, ಎಲ್ಲರ ಎದುರಿಗೆ. ಪೊದೆಮೀಸೆಯ ನಿರ್ದೇಶಕನೇ ಮಹಾರಾಣಿಯಾಗಿ ಮಾತಾಡುತ್ತಿದ್ದ. ಪ್ರತಿಯೊಬ್ಬಳಿಗೂ ಒಂದೇ ಸನ್ನಿವೇಶ: "ಶಾಲೆಯಿಂದ ಪ್ರವಾಸ. ನಾನು ಬಾ ಅಂತ ಕರೀತೀನಿ. ನಿನ್ನ ಮನೇಲಿ ದುಡ್ಡಿಲ್ಲ. ಅದನ್ನ ಬಾಯಿಬಿಟ್ಟು ಹೇಳೋ ಹಾಗಿಲ್ಲ. ಏನಂತೀಯ?"

ಒಬ್ಬಳು ಬಿಕ್ಕಿದಳು. ಇನ್ನೊಬ್ಬಳು ಸೂರು ನೋಡಿ ನಿಟ್ಟುಸಿರುಬಿಟ್ಟಳು. ನಿರ್ದೇಶಕ ಆಕಳಿಸಿದ.

ಈ ಹುಡುಗಿಯ ಸರದಿ ಬಂತು. ಅವಳು ಅಳಲಿಲ್ಲ. ಚೀಲದ ಪಟ್ಟಿ ತಿರುಚುತ್ತ ಮೊದಲು ಕಿಸಕ್ಕನೆ ನಕ್ಕಳು.

"ಅಯ್ಯೋ, ನನ್ನನ್ನ ಕರೀಬೇಡ ಕಣೇ. ಬಸ್ ಹತ್ತಿದ್ರೆ ಸಾಕು, ವಾಂತಿ. ನಿಮ್ಮ ಮಜಾನೂ ಹಾಳಾಗುತ್ತೆ."

ಯಾರೋ ಚಪ್ಪಾಳೆ ತಟ್ಟಿದರು. ನಿರ್ದೇಶಕ ಕುರ್ಚಿಯಿಂದ ಎದ್ದೇಬಿಟ್ಟ.

ಹೆಂಗಸು ಥಟ್ಟನೆ ಮೂಲೆಯತ್ತ ನೋಡಿದಳು. ಇದನ್ನು ಅವಳು ಅಭ್ಯಾಸ ಮಾಡಿಸಿರಲಿಲ್ಲ. ಎಂದೋ ಬಟ್ಟೆ ಮಡಚುತ್ತ, ಮನಸ್ಸಿಗೆ ಭಾರವಾಗಿ, ತಾನೇ ಇವಳೆದುರು ಆಡಿದ ಮಾತು. ಹುಡುಗಿ ಅದನ್ನು ಮರೆತಿರಲಿಲ್ಲ.

ಕೊನೆಯ ಸರದಿ ಮೂಲೆಯಲ್ಲಿದ್ದವಳದು. ಅವಳು ನಡುವೆ ಬಂದು ನಿಂತಳು. ಅವಳೂ ನಕ್ಕಳು.

"ಬಸ್ಸಲ್ಲಿ ನನಗೆ ವಾಂತಿ ಬರುತ್ತೆ. ನೀವು ಹೋಗಿ ಬನ್ನಿ." ನೋಡುತ್ತಿದ್ದದ್ದು ನಿರ್ದೇಶಕನನ್ನಲ್ಲ, ಬೆಂಚಿನ ಮೇಲಿದ್ದ ಹೆಂಗಸನ್ನು.

"ಆಗಲೇ ಕೇಳಿಸ್ಕೊಂಡಿದ್ದನ್ನೇ ಹೇಳ್ತೀಯಲ್ಲಮ್ಮ!" ನಿರ್ದೇಶಕ ರೇಗಿದ. "ನಿನ್ನ ಸ್ವಂತದ್ದು ಏನಾದ್ರೂ ಹೇಳು."

"ಇದು ನನ್ನದೇ ಸರ್."

ತಾಯಂದಿರೆಲ್ಲ ಗೊಳ್ಳೆಂದು ನಕ್ಕರು. ಹೆಂಗಸು ಅರ್ಧ ಎದ್ದಳು. ಪಕ್ಕದಲ್ಲಿದ್ದ ಹುಡುಗಿ ತೋಳು ಹಿಡಿದು ಜಗ್ಗಿದಳು. "ಎಲ್ಲಿಗೆ? ಈಗ ಹೇಳ್ತಾರೆ ಇರು!" ಹೆಂಗಸು ಕೂತಳು.

"ನೋಡು, ಗುಬ್ಬಿ ಹೀಗೆ ಕಣ್ಣಲ್ಲಿ ಕಣ್ಣಿಟ್ಟು ನೋಡಲ್ಲ," ನಿರ್ದೇಶಕ ಬುದ್ಧಿ ಹೇಳಿದ. "ಬಡವರ ಮನೆ ಹುಡುಗಿ ಅವಳು. ನಿನಗೆ ಅದು ಅರ್ಥ ಆಗಿಲ್ಲ."

ಆಮೇಲೆ ಅವನು ನೇರ ಈ ಬೆಂಚಿಗೇ ಬಂದು ಹುಡುಗಿಯ ತಲೆ ಸವರಿದ. "ನಮ್ಮ ಗುಬ್ಬಿ ಸಿಕ್ಕಿದಳು!" ಹೆಂಗಸಿನ ಕಡೆ ತಿರುಗಿ ಬಾಯ್ತುಂಬ ಹೊಗಳಿದ: "ಎಂಥ ಮಗಳನ್ನ ಬೆಳೆಸಿದೀರಮ್ಮ!"

ಕೋಣೆಯೆಲ್ಲ ಇತ್ತ ನೋಡುತ್ತಿತ್ತು. ಹೆಂಗಸು ತಲೆ ತಗ್ಗಿಸಿದಳು.

ಹುಡುಗಿ ಅವಳ ಮಡಿಲಲ್ಲಿದ್ದ ಚೀಲಕ್ಕೆ ಕೈಹಾಕಿ ಫೋನ್ ತೆಗೆದು ಕುಣಿಯುತ್ತ ಕಿಟಕಿಯತ್ತ ಓಡಿದಳು. "ಮಮ್ಮೀ, ನಾನೇ ಗುಬ್ಬಿ! ಬೇಗ ಕಾರು ಕಳಿಸು!"

ಜನ ಕರಗತೊಡಗಿದರು. ಒಬ್ಬಳೇ ಬಂದಿದ್ದವಳು ಬಾಗಿಲತ್ತ ನಡೆದವಳು ತಿರುಗಿ ಬಂದು, ಬೆಂಚಿನ ಮುಂದೆ ನಿಂತು, ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಕೇಳಿದಳು:

"ಆವತ್ತು ಬಸ್ಸಲ್ಲಿ ವಾಂತಿ, ಪ್ರವಾಸ ಬೇಡ ಅಂತ ನಾನು ನಿನಗೆ ಹೇಳಿದ್ದು ಸುಳ್ಳು ಅಂತ ನಿನಗೆ ಆಗಲೇ ಗೊತ್ತಿತ್ತಾ, ಅಮ್ಮ?"