ಏಪ್ರನ್ ಕೆಳಗಿನ ವ್ಯಾಪಾರ

ಅನುಜಾ ಎಕ್ಸ್‌ರೇ ಗುಂಡಿ ಒತ್ತಲು ಹೊರಟಾಗ ಹಣಮಂತರಾಯರು ಕೈ ಅಡ್ಡ ಹಿಡಿದರು. ಆಳಂದದ ಈ ತೊಗರಿ ವ್ಯಾಪಾರಿಯ ದವಡೆ ಬಾತಿತ್ತು, ಬಾಯಲ್ಲಿ ಎಕ್ಸ್‌ರೇ ಪಟ್ಟಿ ಸಿಕ್ಕಿಕೊಂಡಿತ್ತು, ಎದೆಯ ಮೇಲೆ ಸೀಸದ ಏಪ್ರನ್ ಹೊದಿಸಿತ್ತು. ಮಾತಾಡುವಂತಿರಲಿಲ್ಲ. ಏಪ್ರನ್ ಕೆಳಗಿಂದ ಎರಡು ಬೆರಳು ಮಾತ್ರ ಹೊರಗೆ ಬಂದವು.

ಡಾಕ್ಟರ್ ಅನುಜಾಗೆ ಸಿಟ್ಟೂ ಬಂತು, ನಗುವೂ ಬಂತು. ಈಗಷ್ಟೇ, ಕಿರಣ ಕಮ್ಮಿ ಇರಲಿ ಎಂಬ ಅವರ ಹಟಕ್ಕೆ ಸೋತು, ಐದರ ತನಕ ಏರುವ ಯಂತ್ರವನ್ನು ಎರಡಕ್ಕೆ ಇಳಿಸಿದ್ದಳು. ಚಿತ್ರ ಮಂಜು ಕವಿದಂತೆ ಬಂದಿತ್ತು. "ಬೇರು ಕಾಣಲಿಲ್ಲಂತ ಛಲೋ ಹಲ್ಲ ಕಿತ್ರ ಏನ್ ಮಾಡ್ತೀರಿ? ಈ ಚಿತ್ರಾನೂ ಕೆಟ್ರ ಮತ್ತೊಮ್ಮಿ ಕಿರಣ ಬಿಡಬೇಕಾಗ್ತದ್ರಿ," ಎಂದಳು. ಬೆರಳು ಎರಡೇ ಉಳಿದವು.

ದಲ್ಲಾಳಿಗಳ ಅಡತಿ ಅಂಗಡಿಯ ಎದುರು ಮನೆಯಲ್ಲಿ ಬೆಳೆದವಳು ಅನುಜಾ. ವ್ಯಾಪಾರಿಗಳು ಟವೆಲ್ ಕೆಳಗೆ ಬೆರಳು ಹಿಡಿದು ದರ ಕುದುರಿಸುವುದನ್ನು ಕಿಟಕಿಯಿಂದ ನೋಡುತ್ತಲೇ ದೊಡ್ಡವಳಾಗಿದ್ದಳು. ಸೀದಾ ಬಂದು ಏಪ್ರನ್ ಕೆಳಗೆ ಕೈ ತೂರಿಸಿ ರಾಯರ ನಾಲ್ಕು ಬೆರಳು ಗಟ್ಟಿಯಾಗಿ ಹಿಡಿದಳು. ರಾಯರ ಕಣ್ಣು ಅರಳಿತು. ಕೊಸರಿಕೊಂಡು ಅವಳ ಎರಡು ಬೆರಳು ಹಿಡಿದರು. ಅವಳು ಮತ್ತೆ ನಾಲ್ಕನ್ನೇ ಒತ್ತಿದಳು. ಎಳೆದಾಡಿ ಎಳೆದಾಡಿ ಕಡೆಗೆ ಮೂರಕ್ಕೆ ವ್ಯವಹಾರ ಕುದುರಿತು. ಸೌದಾ ಮುಗಿದದ್ದೇ ರಾಯರು ಕಲ್ಲಿನ ಹಾಗೆ ಅಲುಗದೆ ಕೂತರು.

ಅನುಜಾ ಹೋಗಿ ಗುಂಡಿ ಒತ್ತಿದಳು. ಪರದೆಯ ಮೇಲೆ ಬೇರು ನಿಚ್ಚಳವಾಗಿ ಮೂಡಿತು. ಬಾಯಿ ಖಾಲಿಯಾದದ್ದೇ ತಡ, "ಒಂದ್ ಬೆರಳ ಇಳಿಸೇ ಬಿಟ್ಟೇನಿ ನೋಡ್ರಿ ಡಾಕ್ಟರಮ್ಮಾ!" ಎಂದು ರಾಯರು ಹಿಗ್ಗಿದರು.

"ನಿಮ್ಮ ಮುಂದ ನಂದೇನ್ ನಡೀತದ್ರಿ," ಎಂದಳು ಅನುಜಾ. ಅವರು ಕೈ ಅಡ್ಡ ಹಿಡಿಯುವ ಮೊದಲೇ ಅವಳು ಯಂತ್ರವನ್ನು ಮೂರಕ್ಕೆ ತಿರುವಿಟ್ಟಿದ್ದಳು.