ಹಿಂದೆ ಸರಿಯದ ವಂಶ

ಒಂದೇ ಗಾಡಿ ಹಿಡಿಸುವ ಓಣಿಯಲ್ಲಿ ಜವರಪ್ಪನ ಕಬ್ಬಿನ ಟ್ರ್ಯಾಕ್ಟರಿಗೆ ನಂಜೇಗೌಡನ ಗೊಬ್ಬರದ ಟ್ರ್ಯಾಕ್ಟರ್ ಎದುರಾಯಿತು. ಎರಡು ಮನೆಗೂ ಮೂರು ತಲೆಮಾರಿನ ಹಗೆ.

"ಹಿಂದಕ್ಕೆ ತಗೊಳಲಾ!" ಜವರಪ್ಪ ಗುಡುಗಿದ.

"ನೀನು ತಗೋ! ನಮ್ಮ ವಂಶದಲ್ಲಿ ಹಿಂದೆ ಸರಿದೋರಿಲ್ಲ!" ಎಂದ ನಂಜೇಗೌಡ.

"ನಮ್ಮ ವಂಶದಲ್ಲಿ ಅಂಥೋರು ಅವ್ರೇನಲಾ?"

ಊರೇ ನೆರೆಯಿತು. ಬಿಸಿಲಿಗೆ ಕಬ್ಬು ಒಣಗತೊಡಗಿತು. ಸಕ್ಕರೆ ಕಾರ್ಖಾನೆಯ ಗೇಟು ಮುಚ್ಚಲು ಇನ್ನು ಒಂದೇ ತಾಸು. ಜವರಪ್ಪ ಮೀಸೆ ತಿರುವುತ್ತಾ ಇಳಿದ. ಸರಸರ ಹೋಗಿ ಎದುರಿನ ಟ್ರ್ಯಾಕ್ಟರ್ ಹತ್ತಿ, ನಂಜೇಗೌಡನ ಕೊರಳಪಟ್ಟಿ ಹಿಡಿದು ಹತ್ತಿರಕ್ಕೆಳೆದ. ಜನ ಉಸಿರು ಬಿಗಿಹಿಡಿದರು.

"ತಮ್ಮಾ, ನೀನೇ ತಗೊಳ್ಳಪ್ಪ," ಜವರಪ್ಪ ಪಿಸುಗುಟ್ಟಿದ. "ಟ್ರೇಲರ್ ಕಟ್ಟಿದ್ರೆ ನಂಗೆ ರಿವರ್ಸ್ ಹೊಡೆಯೋಕೆ ಬರಲ್ಲ."

ನಂಜೇಗೌಡ ಸುತ್ತಲಿದ್ದ ಜನರನ್ನೊಮ್ಮೆ ನೋಡಿದ.

"ಮೆಲ್ಲಗೆ ಮಾತಾಡಣ್ಣಾ, ನಂಗೂ ಬರಲ್ಲ."